ನೀರಿನ ಮೇಲಿನ ಪದರ

ಅವಳ ಗಂಡನಿಗೆ ಪ್ರಯೋಗಾಲಯದಲ್ಲಿ ‘ಕೆನೆಯಪ್ಪ’ ಎಂದೇ ಹೆಸರು. ಕೂದಲಿಗಿಂತ ತೆಳ್ಳಗಿನ ಸೌರಕೋಶಗಳಿಗೆ ಗ್ರಾಫೀನ್ ಎಂಬ ಇಂಗಾಲದ ಪದರ ಕೂರಿಸುವುದು ಅವನ ಕೆಲಸ. ಬೆಳಕನ್ನು ಒಳಗೆ ಬಿಟ್ಟುಕೊಂಡು ಕರೆಂಟನ್ನು ಹೊರಗೆ ತರುವ ಎಲೆಕ್ಟ್ರೋಡ್ ಅದು. ನೀರಿನ ಮೇಲೆ ಕಂಡೂ ಕಾಣದಂತೆ ತೇಲುವ ಆ ಪದರವನ್ನು ಅವನು ಉಸಿರು ಬಿಗಿಹಿಡಿದು, ಹಾಲಿನ ಕೆನೆಯಂತೆ ಎತ್ತುತ್ತಿದ್ದ.

ಒಂದು ದಿನ ಪದರ ಸುಕ್ಕುಗಟ್ಟಿ ಹರಿಯಿತು. ದೊಡ್ಡವರಿಗೆ ತೋರಿಸಬೇಕಿದ್ದ ಕೋಶಗಳೆಲ್ಲ ಹಾಳಾದವು. ಜೊತೆಗೇ ದುಡಿಯುತ್ತಿದ್ದ ಅವಳ ತಮ್ಮ, "ಭಾವನ ಕೈ ನಡುಗ್ತು" ಎಂದ. ಗಂಡನನ್ನು ಬಾಟಲಿ ತೊಳೆಯಲು ಹಾಕಿದರು. ಅವನೂ ಆ ಮಾತನ್ನೇ ನಂಬಿದ. ಸಾಯುವವರೆಗೂ ಲೋಟವನ್ನು ಎರಡೂ ಕೈಯಲ್ಲಿ ಹಿಡಿದೇ ಕುಡಿದ.

ಅವನು ಹೋದ ಮೇಲೆ ಅವಳಿಗೆ ಅಲ್ಲೇ ನೆಲ ಒರೆಸುವ ಕೆಲಸ ಸಿಕ್ಕಿತು. ಮೊದಲ ದಿನ ಸೆಕೆಯೆಂದು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದಳು. ತಮ್ಮ ಓಡಿಬಂದು ತಡೆದ.

"ಅಯ್ಯೋ ಅಕ್ಕಾ, ಪದರ ನೀರಲ್ಲಿದ್ದಾಗ ಫ್ಯಾನ್ ಹಾಕ್ತಾರಾ? ಅವತ್ತು ನಾನು ಹಾಕಿದ್ದಕ್ಕೇ ಎಲ್ಲ ಹರಿದು..." ಎಂದವನು ನಾಲಿಗೆ ಕಚ್ಚಿಕೊಂಡ.

ಅವಳು ಒರೆಸುವ ಬಟ್ಟೆ ಕೆಳಗಿಟ್ಟಳು. "ಭಾವನ ಕೈ ನಡುಗಿರ್ಲಿಲ್ವಾ?"

"ಬಿಡಕ್ಕ, ಭಾವನೇ ಹೋಗ್ಬಿಟ್ರು. ಈಗ್ಯಾಕೆ ಕೆದಕ್ತೀಯ?"

"ದಿನಾ ಅವ್ರ ಪಕ್ಕದಲ್ಲೇ ಕೂತು ನನ್ನ ಕೈಯೂಟ ಉಂಡ್ಯಲ್ಲೋ. ಅವ್ರ ಕಿವಿಗಾದ್ರೂ ಹೇಳ್ಬಾರ್ದಿತ್ತಾ? ಹೋಗ್ಲಿ, ಈಗ ಒಳಗೆ ಹೋಗಿ ಹೇಳು."

"ನನ್ನ ಕೆಲ್ಸ ಹೋಗತ್ತಲ್ಲಕ್ಕಾ!"

ಅವಳು ಮತ್ತೆ ಅವನ ಮುಖ ನೋಡಲಿಲ್ಲ. ದೊಡ್ಡವರೆಲ್ಲ ಕೂತಿದ್ದ ಕೋಣೆಗೆ ತಾನೇ ಹೋದಳು.

"ನಮ್ಮ ಯಜಮಾನ್ರ ಕೈ ನಡುಗಿರ್ಲಿಲ್ಲ. ಫ್ಯಾನ್ ಹಾಕಿದ್ದು ನನ್ನ ತಮ್ಮ," ಎಂದಳು.

ಅವಳು ಹೊರಗೆ ಬಂದು ಬಟ್ಟೆ ಹಿಂಡಿ, ಬಿಟ್ಟಲ್ಲಿಂದ ನೆಲ ಒರೆಸತೊಡಗಿದಳು.