ಗುರ್ ಎನ್ನದ ಗಾರೋವ್

ರಾದೊಯ್ಕೊ ಇಪ್ಪತ್ತೆರಡು ವರ್ಷ ಗಡಿಯಲ್ಲಿ ಸೈನ್ಯದ ನಾಯಿಗಳನ್ನು ಪಳಗಿಸಿ ನಿವೃತ್ತನಾದವನು. ನಿವೃತ್ತಿ ಕೆಲಸಕ್ಕೆ ಮಾತ್ರ, ಬಾಯಿಗಲ್ಲ. ಜಾಯೆಚಾರ್ ಊರಿನ ನಮ್ಮ ಕಟ್ಟಡಕ್ಕೆ ಯಾರೇ ನಾಯಿ ತಂದರೂ ಮೆಟ್ಟಿಲಲ್ಲೇ ತಡೆದು ಪಾಠ ಶುರು ಮಾಡುತ್ತಿದ್ದ. ಬಾಗಿಲು ಯಜಮಾನ ಮೊದಲು ದಾಟಬೇಕು. ಊಟ ಯಜಮಾನನದು ಮೊದಲಾಗಬೇಕು. ನಾಯಿ ಗುರ್ ಎಂದರೆ ಅಂಗಾತ ಕೆಡವಿ, ಅದು ಕಣ್ಣು ತಗ್ಗಿಸುವವರೆಗೆ ಒತ್ತಿ ಹಿಡಿಯಬೇಕು. ಎದುರು ಮನೆಯವನಾದ ನಾನು, ಸುಳ್ಳೇಕೆ ಹೇಳಲಿ, ಅವನ ಮಾತು ನಂಬಿ ನನ್ನ ಮುದಿ ನಾಯಿಯ ಬಟ್ಟಲಿನ ಮುಂದೆ ನಿಂತು ಎರಡು ವರ್ಷ ಬಿಸ್ಕತ್ತು ತಿಂದಿದ್ದೇನೆ. ಅದು ನನ್ನನ್ನು ಕನಿಕರದಿಂದ ನೋಡುತ್ತಿತ್ತು.

ಅವನ ಹೆಮ್ಮೆಯೆಲ್ಲ ಗಾರೋವ್ ಎಂಬ ತನ್ನ ಕರಿ ನಾಯಿಯ ಮೇಲೆ.

"ಏಳು ವರ್ಷ ಆಯ್ತು ಮಿಲುಟಿನ್, ಒಂದ್ಸಲಾನೂ ಗುರ್ ಅಂದಿಲ್ಲ. ಮನೇಲಿ ದೊಡ್ಡೋರು ಯಾರು ಅಂತ ಅದಕ್ಕೆ ಗೊತ್ತು!" ಎಂದು ನನ್ನ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಅಂಥ ಗಾರೋವ್, ಡಿಸೆಂಬರಿನ ಸಂತ ನಿಕೋಲನ ಹಬ್ಬಕ್ಕೆ ಐದು ದಿನ ಇರುವಾಗ, ರಾದೊಯ್ಕೊನ ಹೆಂಡತಿ ದೆಸಾಂಕಾಳ ಕೈ ಕಚ್ಚಿತು. ಸೋಫಾದಿಂದ ಇಳಿಸಲು ಅವಳು ಅದರ ಸೊಂಟಕ್ಕೆ ಕೈ ಹಾಕಿದ್ದಳು, ಅಷ್ಟೆ. ಸದ್ದಿಲ್ಲ, ಸುಳಿವಿಲ್ಲ. ನಾಲ್ಕು ಹೊಲಿಗೆ ಬಿತ್ತು.

"ಯಜಮಾನಿಕೆ ಮಾಡೋಕೆ ಹೊರಟಿದೆ," ಎಂದ ರಾದೊಯ್ಕೊ. "ಹಬ್ಬ ಮುಗೀಲಿ. ಮಾರನೇ ಬೆಳಿಗ್ಗೆನೇ ಡಾಕ್ಟರ ಹತ್ರ ಕರ್ಕೊಂಡೋಗಿ ಕೊನೇ ಇಂಜೆಕ್ಷನ್ ಹಾಕಿಸಿಬಿಡ್ತೀನಿ."

ಕಚ್ಚಿಸಿಕೊಂಡವಳೇ ಅತ್ತು ಬೇಡಿಕೊಂಡಳು. ಅವನು ಕದಲಲಿಲ್ಲ.

ನಿಕೋಲ ಅವರ ಮನೆತನದ ಸಂತ. ಆ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ, ಗೊತ್ತಿದ್ದವರೆಲ್ಲ ಬರುತ್ತಾರೆ. ನಾನೂ ಹೋದೆ. ಬಾಗಿಲಲ್ಲಿ ವಾಡಿಕೆಯಂತೆ ಕೊಟ್ಟ ಒಂದು ಚಮಚ ಬೇಯಿಸಿದ ಗೋಧಿ ತಿಂದು ಒಳಗೆ ಕೂತೆ. ಗಾರೋವ್ ಮೇಜಿನ ಕೆಳಗೆ ಮಲಗಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ಸಲ ಎದ್ದು ಕಿಟಕಿಯ ಬಳಿ ಹೋದೆ, ಎರಡು ಸಲ ಸುಮ್ಮನೆ ವಾಪಸು ಬಂದೆ. ಆ ನಾಯಿ ಮೂರು ಮೆಟ್ಟಿಲಿಗೊಮ್ಮೆ ನಿಂತು ಹತ್ತುವುದನ್ನು ಶರತ್ಕಾಲದಿಂದ ನೋಡುತ್ತಿದ್ದೆ. ಮಹಾಗುರುವಿಗೆ ನಾಯಿಯ ವಿಷಯ ಹೇಳಲು ನಾನ್ಯಾರು ಎಂದು ಬಾಯಿ ಮುಚ್ಚಿಕೊಂಡಿದ್ದೆ. ಹೇಡಿತನ, ಇನ್ನೇನು.

ಆ ದಿನ ಮನೆಯೊಡೆಯ ಕೂರುವಂತಿಲ್ಲ. ರಾದೊಯ್ಕೊ ಬೆಳಿಗ್ಗೆಯಿಂದ ನಿಂತೇ ಮೀನು, ಹುರುಳಿ, ವೈನು ಬಡಿಸುತ್ತಿದ್ದ. ಮೂರು ಗಂಟೆಯಾದರೂ ತುತ್ತು ಬಾಯಿಗಿಟ್ಟಿರಲಿಲ್ಲ.

ದೆಸಾಂಕಾ ಬ್ಯಾಂಡೇಜಿನ ಕೈಯಲ್ಲೇ ತಟ್ಟೆ ಎತ್ತುತ್ತಾ ಎಲ್ಲರೆದುರೂ ಕೇಳಿದಳು: "ಬಾಗಿಲಲ್ಲಿ ಎಲ್ಲರನ್ನೂ ಮುಂದೆ ಬಿಟ್ಟೆ. ಎಲ್ಲರದೂ ಊಟ ಆಯ್ತು, ನಿನಗೆ ಮೀನಿನ ತಲೆ ಉಳಿದಿದೆ. ನಿನ್ನ ಪಾಠದ ಪ್ರಕಾರ ಈ ಮನೇಲಿ ಕಡೆಯೋನು ನೀನೇ. ಹೇಳು, ಯಜಮಾನ ಯಾರು?"

ಅತಿಥಿಗಳು ನಕ್ಕರು. ರಾದೊಯ್ಕೊ ನಗಲಿಲ್ಲ. ಕೈಯಲ್ಲಿದ್ದ ಹೂಜಿ ಕೆಳಗಿಟ್ಟ. ಆಗ ನನಗೂ ಧೈರ್ಯ ಬಂತು, ಗಾರೋವ್ ಮೆಟ್ಟಿಲಲ್ಲಿ ನಿಂತು ನಿಂತು ಹತ್ತುವ ವಿಷಯ ಹೇಳಿಬಿಟ್ಟೆ.

ಅವನು ಮಂಡಿಯೂರಿ ಗಾರೋವ್‌ನ ಸೊಂಟದ ಮೇಲೆ ಕೈಯಿಟ್ಟ. ನಾಯಿ ಸೆಟೆದುಕೊಂಡಿತು. ತುಟಿ ನೆಕ್ಕಿ ಮುಖ ಗೋಡೆಯತ್ತ ತಿರುಗಿಸಿತು. ಸದ್ದು ಮಾತ್ರ ಇಲ್ಲ.

"ನೋವಾ ಮಗನೇ? ನೋವಾದ್ರೆ ಗುರ್ ಅನ್ನಬಾರ್ದಾ?" ಎಂದ.

"ಹೇಗೆ ಅನ್ನುತ್ತೆ? ಆ ಬಾಯಿ ಮುಚ್ಚಿಸಿದ್ದು ನೀನೇ ತಾನೆ," ಎಂದೆ. ನನಗೆ ಅವನ ಮೇಲೆ, ನನ್ನ ಮೇಲೆ, ಇಬ್ಬರ ಮೇಲೂ ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಅವನು ಇಂಜೆಕ್ಷನ್ನಿಗೋ ಔಷಧಿಗೋ ಹೇಳದೆ ನಾಯಿಯನ್ನು ಕರೆದುಕೊಂಡು ಹೋದ. ದೆಸಾಂಕಾ ಒಂದೇ ಲೋಟವನ್ನು ಮತ್ತೆ ಮತ್ತೆ ತೊಳೆದಳು. ನಾನು ಮೆಟ್ಟಿಲು ಹತ್ತಿ ಇಳಿದೆ. ಮಧ್ಯಾಹ್ನ ಇಬ್ಬರೂ ವಾಪಸು ಬಂದರು, ಗಾರೋವ್ ಅವನ ತೋಳಿನಲ್ಲಿತ್ತು. ಸೊಂಟದ ಕೀಲು ಸವೆದಿದೆಯಂತೆ, ದಿನಕ್ಕೆರಡು ಮಾತ್ರೆ.

ಅಂದಿನಿಂದ ಮೆಟ್ಟಿಲ ಪಾಠ ನಿಂತಿತು. ಏಪ್ರಿಲಿನ ಒಂದು ಬೆಳಿಗ್ಗೆ ನನ್ನ ಬಾಗಿಲು ದಬದಬ ಬಡಿದ ಸದ್ದು. ರಾದೊಯ್ಕೊ ಒದ್ದೆ ಟವೆಲು ಹಿಡಿದು ನಿಂತಿದ್ದ.

"ಗುರ್ ಅಂತು ಕಣೋ ಮಿಲುಟಿನ್! ಸೊಂಟ ಒರೆಸ್ತಿದ್ದೆ, ನನ್ನ ಮುಖಕ್ಕೇ ಗುರ್ ಅಂತು!"

"ನೀನೇನು ಮಾಡ್ದೆ?"

"ಕೈ ತೆಗೆದೆ," ಎಂದವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟ.