ಎರಡು ತಟ್ಟೆ ಎಳ್ಳು-ಬೆಲ್ಲ

ಹಬ್ಬದ ದಿನ ಬಾಗಿಲಿಗೆ ಬಂದ ಎಳ್ಳು ವಾಪಸ್ ಹೋಗಬಹುದೇ? ನಮ್ಮ ಬಿಳೇಕಹಳ್ಳಿಯಲ್ಲಿ ಈ ಸಂಕ್ರಾಂತಿಗೆ ಹೋಯಿತು. ವಾಪಸ್ ತಂದವಳು ನನ್ನ ಎಂಟು ವರ್ಷದ ಮಗಳು ಸಿರಿ.

ಜೊತೆಗಿದ್ದವಳು ಅಮಾನಿ. ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಕೀನ್ಯಾದ ದಂಪತಿಯ ಮಗಳು. ಎರಡು ವರ್ಷದಿಂದ ಇಬ್ಬರಿಗೂ ಒಂದೇ ಸ್ಕೂಲ್ ವ್ಯಾನು, ಒಂದೇ ಸೀಟು. ಜಗಳವಾದರೆ ಹತ್ತು ನಿಮಿಷ ಠೂ, ಆಮೇಲೆ ಒಂದೇ ಡಬ್ಬಿಯಲ್ಲಿ ಊಟ. (ಅಮಾನಿಯ ಹಾಗೆ ಸಿರಿಯೂ ತಲೆತುಂಬ ಸಣ್ಣ ಜಡೆ ಹಾಕಿಸಿಕೊಂಡು ಬಂದ ದಿನ ನಮ್ಮತ್ತೆ ಊಟ ಬಿಡುವುದೊಂದು ಬಾಕಿ.)

ಹಬ್ಬದ ಸಂಜೆ ಇಬ್ಬರೂ ರೇಷ್ಮೆ ಲಂಗ ತೊಟ್ಟು, ತಲಾ ಒಂದು ತಟ್ಟೆ ಹಿಡಿದು ಎಳ್ಳು ಬೀರಲು ಹೊರಟರು. ಎದುರು ಮನೆಯ ರತ್ನಮ್ಮ ಆಂಟಿ ಬಾಗಿಲಲ್ಲೇ ನಿಂತು, "ಸಿರಿ, ನೀನ್ ಒಳಗ್ ಬಾ ಪುಟ್ಟ. ಅವ್ಳು ಅಲ್ಲೇ ಇರ್ಲಿ" ಎಂದರಂತೆ. ಸಿರಿ ತಟ್ಟೆ ಸಮೇತ ತಿರುಗಿ ಬಂದಳು.

ಹಿಂದೆಯೇ ಆಂಟಿಯ ಫೋನ್. "ಏನಮ್ಮಾ, ಎಳ್ಳು ಕೊಡ್ದೆ ಹೋದ್ಳಲ್ಲ ನಿನ್ ಮಗ್ಳು?"

ನಾನೇನು ಮಾಡಿದೆ ಗೊತ್ತೇ? ಹಬ್ಬದ ದಿನ ರಗಳೆ ಬೇಡವೆಂದು, "ನೀನೊಬ್ಳೇ ಹೋಗಿ ಕೊಟ್ಟು ಬಂದ್ಬಿಡು" ಎಂದೆ. ಸಮಾನತೆಯ ಬಗ್ಗೆ ಇದೇ ಅಂಕಣದಲ್ಲಿ ಉದ್ದುದ್ದ ಬರೆಯುವ ನಾನು!

ಅಮಾನಿ ಮೆಟ್ಟಿಲ ಮೇಲೆ ಕೂತು ಸಕ್ಕರೆ ಅಚ್ಚುಗಳನ್ನು ನೆಟ್ಟಗೆ ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಆಗಲ್ಲಮ್ಮ. ನಾನೊಬ್ಳೇ ಹೋದ್ರೆ ನಾಳೆ ಇವ್ಳು ನನ್ ಪಕ್ಕ ಕೂರ್ತಾಳಾ?" ಎಂದಳು ಸಿರಿ.

ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು, ನನ್ನ ಮೇಲೇ. ಇಬ್ಬರನ್ನೂ ಕರೆದುಕೊಂಡು ರಸ್ತೆ ದಾಟಿದೆ.

"ಆಂಟಿ, ಎರಡು ತಟ್ಟೆ ಇದೆ. ಎರಡೂ ತಗೋಬೇಕು. ಇಲ್ಲಾಂದ್ರೆ ಮೂರೂ ಜನ ಹೊರಡ್ತೀವಿ."

ಆಂಟಿ ಸಿರಿಯ ತಟ್ಟೆಯಿಂದ ಎಳ್ಳಿನ ಪೊಟ್ಟಣ ತೆಗೆದುಕೊಂಡರು. ಅಮಾನಿಗೆ, "ಅಲ್ಲೇ ಕಟ್ಟೆ ಮೇಲಿಡು" ಎಂದರು.

"ಕೈಗೇ ತಗೊಳ್ಳಿ" ಎಂದೆ. ಜಾಗ ಬಿಟ್ಟು ಕದಲಲಿಲ್ಲ.

ತೆಗೆದುಕೊಂಡರು. ತಕ್ಷಣ ಅಮಾನಿ, ನಮ್ಮತ್ತೆ ಹೇಳಿಕೊಟ್ಟಿದ್ದಂತೆ, ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿದಳು. ಕಾಲು ಮುಟ್ಟಿದ ಮಗುವಿನ ತಲೆ ಮುಟ್ಟದೆ ಇರಲು ಬರುತ್ತದೆಯೇ? ಆಂಟಿಯ ಕೈ ಅಭ್ಯಾಸದಂತೆ ಆ ಜಡೆಗಳ ಮೇಲೆ ಹೋಯಿತು. "ಚೆನ್ನಾಗಿರವ್ವ" ಎಂದೂ ಅಂದುಬಿಟ್ಟರು. ಅವರ ಮನಸ್ಸು ಬದಲಾಯಿತೆಂದು ನಾನು ಹೇಳುವುದಿಲ್ಲ. ಬದಲಾಗದಿದ್ದರೆ ಮತ್ತೆ ಹೋಗಿ ನಿಲ್ಲುತ್ತೇನೆ.

ಮಕ್ಕಳಿಬ್ಬರೂ ಒಂದೇ ಕಬ್ಬಿನ ತುಂಡಿಗೆ ಕಿತ್ತಾಡುತ್ತ ಮುಂದೆ ಓಡಿದರು. ನನ್ನನ್ನು ಕಾಡಿದ್ದು ಬೇರೆ: ಸ್ನೇಹಿತರನ್ನು ಹೊರಗೆ ನಿಲ್ಲಿಸಿದ ಮನೆಗಳಲ್ಲಿ ನಾವು ದೊಡ್ಡವರು ಎಷ್ಟು ಸಲ ಒಬ್ಬರೇ ಒಳಗೆ ಹೋಗಿ, ಕಾಫಿ ಕುಡಿದು ಬಂದಿದ್ದೇವೆ?