ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಟೇಪ್ ರೆಕಾರ್ಡರ್

ಸಂಕ್ರಾಂತಿ ಕಳೆದ ನಾಲ್ಕನೇ ದಿನ, ಬೆಳಿಗ್ಗೆ ಏಳೂವರೆಯ ಬಸ್ಸಿಗೆ ನಂಜನಗೂಡು ಬಿಟ್ಟೆ. ಅಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನ ಮೇಷ್ಟ್ರುಗಳಿಗೆ ಇಂಗ್ಲಿಷ್ ಕಲಿಸುವ ಬಗೆ ಹೇಳಿಕೊಡುತ್ತಿದ್ದ ಮೇಡಂ ಒಬ್ಬರು ಹಿಂದಿನ ದಿನ ಅಂಗಡಿಗೆ ಬಂದಿದ್ದರು. ತಿ. ನರಸೀಪುರದಾಚೆಯ ಒಂದು ಸರ್ಕಾರಿ ಶಾಲೆಗೆ ಪಾಠದ ಕ್ಯಾಸೆಟ್ಟು, ಟೇಪ್ ರೆಕಾರ್ಡರ್ ಕೊಟ್ಟು ಎರಡು ವರ್ಷವಾಗಿತ್ತು. ಈಗ ಅದು ಓಡುತ್ತಿರಲಿಲ್ಲ. ದಾಸ್ತಾನು ಪುಸ್ತಕಕ್ಕೆ ಏರಿದ ಸಾಮಾನು ಶಾಲೆಯ ಗೇಟು ದಾಟಬಾರದೆಂದು ಅಲ್ಲಿನ ಮೇಷ್ಟ್ರು ಪಟ್ಟು ಹಿಡಿದಿದ್ದರಿಂದ ನಾನೇ ಹೋಗಬೇಕಾಯಿತು.

“ಏಳನೇ ಕ್ಲಾಸಿನವರು ಮಾರ್ಚಿಗೆ ಶಾಲೆ ಬಿಡ್ತಾರೆ. ಅಷ್ಟರೊಳಗಾದ್ರೂ ಕೇಳಿಸ್ಕೊಳ್ಳಲಿ” ಎಂದಿದ್ದರು ಮೇಡಂ.

ನಾನು ಆರನೇ ಕ್ಲಾಸಿನಲ್ಲೇ ಇಂಗ್ಲಿಷಿಗೆ ಹೆದರಿ ಶಾಲೆ ಬಿಟ್ಟವನು. ಆದರೆ ನನ್ನ ಕೈಗೆ ಬಂದ ಸೆಟ್ಟು ದನಿಯಿಲ್ಲದೆ ವಾಪಸು ಹೋದದ್ದಿಲ್ಲ. ಅದೊಂದು ಹೆಮ್ಮೆ ನನಗಿತ್ತು.

ಬಸ್ಸಿನ ಹೊರಗೆ ದಟ್ಟ ಮಂಜು. ನನ್ನ ಬ್ಯಾಗಿನಿಂದ ಹೊರಗೆ ನೇತಾಡುತ್ತಿದ್ದ ವೈರು ನೋಡಿ ಕಂಡಕ್ಟರು, “ಏನ್ಸಾ, ಬಾಂಬಾ?” ಎಂದ.

“ರೇಡಿಯೋ ಡಾಕ್ಟ್ರು ಕಣಯ್ಯ. ಸತ್ತಿರೋವ್ನ ಎಬ್ಬಿಸ್ತೀನಿ” ಎಂದೆ. ಅಕ್ಕಪಕ್ಕದವರು ನಕ್ಕರು.

ನರಸೀಪುರಕ್ಕೆ ಒಂದು ಗಂಟೆ ಹಿಡಿಯಿತು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಇನ್ನೊಂದು ಬಸ್ಸು ಹತ್ತಿ, ಕಬ್ಬಿನ ಗದ್ದೆಗಳ ನಡುವೆ ಎರಡು ಮೈಲಿ ನಡೆದೆ. ಊರಿನ ಹೆಸರು ಬರೆಯುವುದಿಲ್ಲ. ಮೇಷ್ಟ್ರು ಒಳ್ಳೆಯವರು.

ರಿಟೈರಿಗೆ ಎರಡು ವರ್ಷ ಇದ್ದ ಆ ಮೇಷ್ಟ್ರು ಸೊಂಟದ ಬೀಗದ ಕೈ ತೆಗೆದು ಬೀರು ತೆರೆದರು. ಟವೆಲ್ಲಿನಲ್ಲಿ ಮಗುವಿನಂತೆ ಸುತ್ತಿದ್ದ ಸೆಟ್ಟನ್ನು ಮೇಜಿನ ಮೇಲಿಟ್ಟರು. ನೋಡಲು ಹೊಚ್ಚ ಹೊಸದು. ಸ್ಪೀಕರಿನ ತೂತುಗಳ ತುಂಬ ಅರಿಸಿನ, ಕುಂಕುಮ.

“ಇದೇನು ಮೇಷ್ಟ್ರೇ?”

“ಎಲ್ಡು ವರ್ಷನೂ ಆಯುಧ ಪೂಜೇಲಿ ಇಟ್ಟಿದ್ದೆ ಕಣಪ್ಪ.”

“ಪಾಠಕ್ಕೆ?”

ಅವರು ಕಿಟಕಿಯ ಕಡೆ ನೋಡಿದರು. “ಕೆಟ್ಟೋದ್ರೆ ಸಂಬಳದಲ್ಲಿ ಇಡ್ಕೋತೀವಿ ಅಂದ್ಬುಟ್ರು ಆಫೀಸ್ನೋರು. ಜ್ವಾಪಾನವಾಗಿ ಮಡಗ್ದೆ. ನನ್ ಬಾಯಲ್ಲಿ ಇಂಗ್ಲಿಷು ತಿರುಗಲ್ಲ ಕಣಪ್ಪ. ಇದು ಬೇಕಾಗಿದ್ದುದು ನಂಗೇನೇ.”

ಹಿಂಬದಿ ಬಿಚ್ಚಿದೆ. ಬಂದ ದಿನ ಹಾಕಿದ್ದ ಸೆಲ್ಲುಗಳು ಅಲ್ಲೇ ಸೋರಿ, ಒಳಗಿನ ಬೋರ್ಡನ್ನು ಹಸಿರಾಗಿ ತಿಂದುಹಾಕಿದ್ದವು. ಆರು ಕ್ಯಾಸೆಟ್ಟುಗಳಲ್ಲಿ ಐದಕ್ಕೆ ಬೂಷ್ಟು. ಶಾಲೆಗೆ ಕರೆಂಟಿರಲಿಲ್ಲ, ಎದುರು ಮನೆಯಿಂದ ವೈರು ಎಳೆದು ಮೂರು ಗಂಟೆ ಬೆಸುಗೆ ಹಾಕಿದೆ. ಏಳನೇ ಕ್ಲಾಸಿನ ಹದಿನಾಲ್ಕು ಮಕ್ಕಳು ಸುತ್ತ ಕೂತಿದ್ದರು, ಪೂಜೆಗೆ ಕೂತಂತೆ ಕೈಕಟ್ಟಿ.

ಮಧ್ಯಾಹ್ನ ಎರಡರ ಹೊತ್ತಿಗೆ ಮೋಟರು ತಿರುಗಿತು. ಒಬ್ಬ ಹೆಂಗಸಿನ ದನಿ ತಿಳಿಯಾಗಿ, “ವಾಟ್ ಈಸ್ ಯುವರ್ ನೇಮ್?” ಎಂದಿತು. ಆಮೇಲೆ ಬರೀ ಮೌನ. ಮಕ್ಕಳು ಉತ್ತರ ಹೇಳಲಿ ಎಂದು ಪಾಠದಲ್ಲೇ ಬಿಟ್ಟಿದ್ದ ಜಾಗ ಅದು. ಯಾರೂ ಉಸಿರೆತ್ತಲಿಲ್ಲ. ಪೂಜೆಗೆ ಮಾತ್ರ ಹೊರಗೆ ಬರುತ್ತಿದ್ದ ಈ ಪೆಟ್ಟಿಗೆಯ ಮುಂದೆ ಮಾತಾಡಬಾರದೆಂದು ಮೇಷ್ಟ್ರು ಅವರಿಗೆ ಹೇಳಿಕೊಟ್ಟಿದ್ದರು.

ದನಿ ಇನ್ನೊಮ್ಮೆ ಕೇಳಿತು. ಮತ್ತೆ ಮೌನ. ನಡುವೆಯೇ ಸುಟ್ಟ ವಾಸನೆ ಬಂತು. ಟೇಪು ಒಳಗೆ ಸಿಕ್ಕಿ, ನುಲಿದು, ಹರಿಯಿತು. ಬೋರ್ಡು ಹೊಗೆಯಾಡಿತು.

ಆಗ ಹಿಂದಿನಿಂದ ಒಂದು ಹುಡುಗಿ ಎದ್ದು ನಿಂತಳು. ನನ್ನ ಕಡೆಯೂ ಅಲ್ಲ, ಮೇಷ್ಟ್ರ ಕಡೆಯೂ ಅಲ್ಲ, ಪೆಟ್ಟಿಗೆಯ ಕಡೆ ನೋಡಿ, “ಮೈ ನೇಮ್ ಈಸ್ ಮಾದೇವಮ್ಮ” ಎಂದಳು.

“ಕೂತ್ಕೊಳ್ಳವ್ವ” ಎಂದರು ಮೇಷ್ಟ್ರು. “ಅದು ನಿಂತೋಯ್ತು.”

ಅವಳು ಕೂರಲಿಲ್ಲ. ಇನ್ನೊಂದು ಪ್ರಶ್ನೆ ಬರುತ್ತದೇನೋ ಎಂದು ಕಾಯುತ್ತಿದ್ದಳು.

ಇನ್ನೆರಡು ಸಲ ಬೆಸುಗೆ ಹಾಕಿ ನೋಡಿದೆ. ಆಗಲಿಲ್ಲ. ಮೇಷ್ಟ್ರು ಜೇಬಿಗೆ ಕೈ ಹಾಕಿದಾಗ ಬೇಡವೆಂದೆ. “ಮಾರ್ಚೊಳಗೆ ಬೇರೆ ಕೊಡ್ತಾರಾ?” ಎಂದರು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ.

ನರಸೀಪುರದಿಂದ ವಾಪಸು ಹತ್ತಿದ ಆರರ ಬಸ್ಸಿನಲ್ಲಿ ಬೆಳಗಿನ ಅದೇ ಕಂಡಕ್ಟರು. “ಡಾಕ್ಟ್ರೇ, ಎದ್ದನಾ?” ಎಂದು ನಕ್ಕ. ನಾನು ಟಿಕೀಟಿಗೆ ಕೈ ಚಾಚಿದೆ. ಬೆರಳ ಸಂದಿಯಲ್ಲಿ ಕುಂಕುಮ ಹಾಗೇ ಇತ್ತು.

ಹೊರಡುವಾಗ ಶಾಲೆಯ ಗೇಟಿನಿಂದ ಒಮ್ಮೆ ತಿರುಗಿ ನೋಡಿದ್ದೆ. ಮೇಷ್ಟ್ರು ಸೆಟ್ಟನ್ನು ಒರೆಸಿ, ಅದೇ ಟವೆಲ್ಲಿನಲ್ಲಿ ಸುತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು.